ಇವತ್ತ ಯಾವ ರೋಲ್ ರೀ?

ಗಡಹಿಂಗ್ಲಜದ ಹುಡುಗಿ ಅಶ್ವಿನಿ ಈಗ ಕೊಲ್ಹಾಪುರದಲ್ಲಿ ಓದುತ್ತಾಳೆ. ತಿಂಗಳಿಗೊಮ್ಮೆ ಇಚಲಕರಂಜಿಗೆ, ಶಹಾಪುರ ಓಣಿಯ ನನ್ನ ಮುಚ್ಚಿದ ಸ್ಟುಡಿಯೊಗೆ ಬಂದು ಹಳೆಯ ನೆಗೆಟಿವ್‌ಗಳನ್ನು ಕಿಟಕಿಗೆ ಹಿಡಿದು ನೋಡುತ್ತ ಕೂಡುತ್ತಾಳೆ. ಮದುವೆ, ಮುಂಜಿ, ಪಾಸ್‌ಪೋರ್ಟ್ ಫೋಟೊ ಅವಳಿಗೆ ಬೇಡ. ಗುಡ್ಡ, ಹೊಲ, ಹೊಳೆ ಇಷ್ಟೇ ಬೇಕು. ಅವಳ ಪ್ರಶ್ನೆಯೂ ಒಂದೇ. ನಿಸರ್ಗದ ಚಿತ್ರಕ್ಕೆ ಬಣ್ಣ ಯಾವಾಗ, ಕಪ್ಪು-ಬಿಳುಪು ಯಾವಾಗ?

ನಾಲ್ಕು ಸಲ ಬಾಯಿಂದ ಹೇಳಿದೆ. ನಾಲ್ಕು ಸಲವೂ ಬೇರೆ ಬೇರೆ ಹೇಳಿದೆನಂತೆ.

"ಕಾಕಾ, ಬರದ ಕೊಡ್ರಿ. ನನಗ ಕನ್ನಡ ಓದಾಕ ಬರತೈತಿ, ಅವ್ವ ಕಲಿಸ್ಯಾಳ" ಎಂದಳು. ಅದಕ್ಕೇ ಬರೆಯುತ್ತಿದ್ದೇನೆ. ಕೆಲಸ ಬಿಟ್ಟವನಿಗೆ ಹೊತ್ತು ಬೇಕಾದಷ್ಟಿದೆ. ಕೇಳುವವರು ಇಲ್ಲ ಎಂಬುದೊಂದೇ ಕೊರತೆ. ಅವಳು ಕೇಳಿದಳು.

ನಾನು ಕೆಲಸ ಕಲಿತದ್ದು ಕೊಲ್ಹಾಪುರದ ಒಂದು ಹಳೆಯ ಸ್ಟುಡಿಯೊದಲ್ಲಿ. ಅದರ ಯಜಮಾನರನ್ನು ಎಲ್ಲರೂ ದಾದಾ ಎನ್ನುತ್ತಿದ್ದರು. ಮಾತು ಮರಾಠಿಯಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯುತ್ತಿತ್ತು, ಬೈಗುಳ ಮಾತ್ರ ಎರಡೂ ಭಾಷೆಯಲ್ಲಿ ಬರುತ್ತಿತ್ತು. ಅವರ ಕಿಸೆಯಲ್ಲಿ ಸದಾ ಒಂದು ಕಂದುಬಣ್ಣದ ಗಾಜಿನ ಚೂರು. ಔಷಧಿ ಬಾಟಲಿಯದು, ಕೈಗೆ ಹತ್ತದಂತೆ ಅಂಚನ್ನು ಕಲ್ಲಿಗೆ ಉಜ್ಜಿದ್ದರು. ರಂಕಾಳ ಕೆರೆಯ ದಂಡೆಗೆ ಹೋದರೂ ಜ್ಯೋತಿಬಾ ಗುಡ್ಡ ಹತ್ತಿದರೂ ಮೊದಲು ಒಂದು ಕಣ್ಣು ಮುಚ್ಚಿ ಆ ಗಾಜಿನಲ್ಲಿ ನೋಡುವುದು, ಆಮೇಲೆ ಕ್ಯಾಮೆರಾ ಪೆಟ್ಟಿಗೆ ತೆರೆಯುವುದು.

"ಈ ಗಾಜಿನ್ಯಾಗ ನೋಡಿದ್ರ ಬಣ್ಣ ಎಲ್ಲಾ ಸತ್ತ ಹೋಗ್ತಾವ" ಎಂದು ನನ್ನ ಕೈಗೆ ಕೊಟ್ಟರು. "ಬಣ್ಣ ಹೋದ ಮ್ಯಾಲೂ ಏನರೆ ಉಳದೈತಿ ಅಂದ್ರ ಕಪ್ಪು-ಬಿಳುಪು ತಗಿ. ಏನೂ ಉಳೀಲಿಲ್ಲ ಅಂದ್ರ ಅದು ಬರೇ ಬಣ್ಣದ ಆಟ, ಬಣ್ಣದಾಗ ತಗಿ. ಎರಡೂ ಇಲ್ಲ ಅಂದ್ರ ಚಹಾ ಕುಡದು ಮನಿಗೆ ನಡಿ."

ಅಶ್ವಿನಿ, ಇದಕ್ಕಿಂತ ಒಳ್ಳೆಯ ಪಾಠವನ್ನು ನಾನು ಆಮೇಲೆ ಯಾರಿಂದಲೂ ಕಲಿಯಲಿಲ್ಲ. ಆದರೆ ಗಾಜಿನ ಚೂರು ಒಂದನ್ನು ಹೇಳುವುದಿಲ್ಲ. ಕೆಂಪು ಮತ್ತು ಹಸಿರು ನಮ್ಮ ಕಣ್ಣಿಗೆ ಹಗಲು-ರಾತ್ರಿಯಷ್ಟು ಬೇರೆ. ಕಪ್ಪು-ಬಿಳುಪಿನ ಫಿಲ್ಮಿಗೆ ಬಹಳ ಸಲ ಎರಡೂ ಒಂದೇ ಬೂದು. ಕುಂಕುಮದ ಬಣ್ಣದ ಸೆರಗೂ ಎಲೆಯ ಬಣ್ಣದ ಸೆರಗೂ ಒಂದೇ ಆಗಿಬಿಡುತ್ತವೆ. ಇದನ್ನು ನೆನಪಿನಲ್ಲಿಟ್ಟುಕೋ, ಮುಂದೆ ಬೇಕಾಗುತ್ತದೆ.

ದಾದಾ ಹೋದ ಮೇಲೆ ಇಚಲಕರಂಜಿಗೆ ಬಂದು ನನ್ನದೇ ಸ್ಟುಡಿಯೊ ಹಾಕಿದೆ. ನಮ್ಮಪ್ಪ ಅವ್ವ ಅಥಣಿ ಕಡೆಯಿಂದ ಬಂದು ಇಲ್ಲಿ ಮಗ್ಗಕ್ಕೆ ಸೇರಿದವರು. ನನ್ನ ಹೆಂಡತಿ ಶಾಂತವ್ವ ಕೂಡ ಮಗ್ಗದವರ ಮಗಳೇ. ಮದುವೆಗೆ ಮೊದಲು ದಿನವಿಡೀ ಲಾಳಿಯೊಳಗೆ ಹಾಕುವ ಕಾಂಡಿಗೆ ನೂಲು ಸುತ್ತುತ್ತಿದ್ದಳು. "ಬಿಳೀ ನೂಲ ನೋಡಿ ನೋಡಿ ನನ್ನ ಕಣ್ಣ ಬೆಳ್ಳಗ ಆಗ್ಯಾವು" ಎನ್ನುತ್ತಿದ್ದಳು. ಅದಕ್ಕೇ ಇರಬೇಕು, ಆಕೆಗೆ ಬಣ್ಣದ ಸೀರೆಯೆಂದರೆ ಜೀವ. ನಮಗೆ ಮಕ್ಕಳಾಗಲಿಲ್ಲ. ಸ್ಟುಡಿಯೊದಲ್ಲಿ ಪ್ರಿಂಟು ಒಣಹಾಕುವುದು, ಬಿಳಿ ಚುಕ್ಕೆಗಳನ್ನು ಕುಂಚದಿಂದ ಮುಚ್ಚುವುದು, ನೆಗೆಟಿವ್‌ಗಳನ್ನು ಲಕೋಟೆಗೆ ಹಾಕಿ ಎತ್ತಿಡುವುದು ಎಲ್ಲ ಆಕೆಯದೇ ಕೆಲಸ.

ಮಗ್ಗಗಳಿಗೆ ವಾರದ ರಜೆ ಇದ್ದ ದಿನ ಊರಿಗೆ ಊರೇ ತಲೆ ಬಾಚಿಕೊಂಡು ಫೋಟೊಗೆ ಬರುತ್ತಿತ್ತು. ಮರುದಿನ ನಾನು ಬಾಗಿಲು ಹಾಕಿ ಸ್ಕೂಟರ್ ಹೊರಗೆ ತೆಗೆಯುತ್ತಿದ್ದೆ. ಕೊಲ್ಹಾಪುರದ ಕ್ಯಾಲೆಂಡರ್ ಮುದ್ರಕರಿಗೆ ಗುಡ್ಡ, ಹೊಳೆ, ಹೊಲದ ಚಿತ್ರ ಬೇಕಾಗುತ್ತಿದ್ದವು. ಹಿಂದಿನ ಸೀಟಿನಲ್ಲಿ ಶಾಂತವ್ವ, ಅವಳ ತೊಡೆಯ ಮೇಲೆ ಕ್ಯಾಮೆರಾ ಚೀಲ. ಅವಳನ್ನು ಕರೆದೊಯ್ಯುತ್ತಿದ್ದದ್ದು ಪ್ರೀತಿಗಲ್ಲ, ಅಳತೆಗೆ. ಚಿತ್ರದಲ್ಲಿ ಮನುಷ್ಯ ಇಲ್ಲದಿದ್ದರೆ ಗುಡ್ಡ ಎಷ್ಟು ದೊಡ್ಡದೆಂದು ತಿಳಿಯುವುದಿಲ್ಲ. ದೂರದಲ್ಲಿ ಒಬ್ಬರು ನಿಂತಿದ್ದರೆ ಕಣ್ಣು ಅಲ್ಲಿಂದ ಅಳೆಯುತ್ತದೆ. ಅಳತೆಯ ಆಳು ಕ್ಯಾಮೆರಾ ಕಡೆ ನೋಡಬಾರದು, ಬೆನ್ನು ತಿರುಗಿಸಿ ಗುಡ್ಡವನ್ನೇ ನೋಡಬೇಕು. ಮುಖ ಕಂಡಿತೋ, ನೋಡುವವರು ಗುಡ್ಡ ಬಿಟ್ಟು ಮುಖ ನೋಡುತ್ತಾರೆ. ಇದು ನನ್ನ ಕಾನೂನು.

ನನ್ನ ಹತ್ತಿರ ಇದ್ದದ್ದು ಒಂದೇ ಕ್ಯಾಮೆರಾ. ಒಂದು ರೋಲಿಗೆ ಹನ್ನೆರಡು ಚಿತ್ರ. ಬೆಳಿಗ್ಗೆ ಬಣ್ಣದ ರೋಲು ಹಾಕಿದೆನೆಂದರೆ ಹನ್ನೆರಡೂ ಬಣ್ಣವೇ. ಕಪ್ಪು-ಬಿಳುಪು ಹಾಕಿದರೆ ಎದುರಿಗೆ ಕಾಮನಬಿಲ್ಲು ಬಂದು ನಿಂತರೂ ಕೈ ಕಟ್ಟಿಕೊಂಡು ನೋಡಬೇಕು. ಈಗ ನೀವು ಮೊದಲು ಒತ್ತಿ ಆಮೇಲೆ ಮನೆಯಲ್ಲಿ ಕೂತು ಬಣ್ಣ ತೆಗೆಯುತ್ತೀರಿ, ಹಾಕುತ್ತೀರಿ. ನಮಗೆ ಮನೆ ಬಿಡುವ ಮೊದಲೇ ನಿರ್ಧಾರವಾಗಬೇಕಿತ್ತು. ಮೋಡ, ಮಂಜು, ಬರಿಗಲ್ಲು ಇದ್ದಲ್ಲಿಗೆ ಹೊರಟರೆ ಕಪ್ಪು-ಬಿಳುಪು. ಬೆಳೆ, ಹೂವು, ಸಂಜೆಯ ಹೊಳೆ ಆದರೆ ಬಣ್ಣ. ಅದೂ ಪೆಟ್ಟು ತಿಂದು ಕಲಿತದ್ದು.

ಪೆಟ್ಟು ಕೊಟ್ಟವರು ನಾಂದಣಿಯ ನೇಮಣ್ಣ. ಜೈನ ಮಠದ ಹತ್ತಿರ ಮನೆ, ಹೊಳೆಸಾಲಿನಲ್ಲಿ ಕಬ್ಬು. ಹೊಸಮನೆಯ ಪಡಸಾಲೆಗೆ ತಮ್ಮ ಹೊಲದ ದೊಡ್ಡ ಫೋಟೊ ಬೇಕೆಂದು ಕರೆಸಿದರು. ನಾನಾಗ ಕಪ್ಪು-ಬಿಳುಪಿನ ಅಮಲಿನಲ್ಲಿದ್ದೆ. ಲೆನ್ಸಿಗೆ ಕೆಂಪು ಫಿಲ್ಟರ್ ಹಾಕಿದರೆ ನೀಲಿ ಆಕಾಶ ಕಪ್ಪಾಗಿ ಮೋಡ ಹತ್ತಿಯ ಹಾಗೆ ಬೆಳ್ಳಗೆ ಎದ್ದು ಬರುತ್ತದೆ. ಹಾಗೇ ತೆಗೆದು, ಒಂದಾಳು ಹಿಡಿಯಲಾರದಷ್ಟು ದೊಡ್ಡ ಪ್ರಿಂಟು ಮಾಡಿ, ಚೌಕಟ್ಟು ಹಾಕಿಸಿ ಒಯ್ದೆ. ಮೋಡದ ಕೆಳಗೆ ಹಸಿರಿಗೆ ಏನಾಗಿದೆ ಎಂದು ನಾನು ನೋಡಿಯೇ ಇರಲಿಲ್ಲ.

ನೇಮಣ್ಣ ಬಹಳ ಹೊತ್ತು ನೋಡಿದರು. ಸೌಮ್ಯ ಮನುಷ್ಯ, ದನಿ ಏರಿಸಿದವರಲ್ಲ.

"ಮಾಸ್ತರ್ರ, ಮೋಡ ಭಾಳ ಚಂದ ಬಂದಾವ. ಖರೆ, ನಮ್ಮ ಕಬ್ಬ ಸುಟ್ಟಂಗ ಕಾಣತೈತಲ್ರಿ?"

ಸರಿಯಾಗಿ ನೋಡಿದೆ. ಕೆಂಪು ಫಿಲ್ಟರ್ ಹಸಿರನ್ನೂ ಕಪ್ಪು ಮಾಡುತ್ತದೆ. ಬೆಂಕಿ ಆಡಿಹೋದ ಗದ್ದೆಯ ಹಾಗೇ ಇತ್ತು.

"ಕಲಾ ಅಂದ್ರ ಹಂಗರೀ" ಎಂದೆ. ಆ ವಯಸ್ಸಿನ ಸೊಕ್ಕು.

"ಕಲಾ ಇರಲಿ ತಗೋರಿ. ನಾವು ಕಬ್ಬ ಕಡದ ಮ್ಯಾಲೆ ರವದಿಗೂ ಬೆಂಕಿ ಹಚ್ಚೂದಿಲ್ಲ. ಹುಳಾ-ಹುಪ್ಪಡಿ ಸಾಯ್ತಾವ ಅಂತ ನಮ್ಮ ಅಜ್ಜನ ಕಾಲದಿಂದ ಹಚ್ಚಿಲ್ಲ. ಸ್ವಾಮಿಗೋಳು ಮನಿಗೆ ಬಂದಾಗ ಇದನ್ನ ನೋಡಿ ಏನಂತಾರ? ನೇಮಣ್ಣ ಹೊಲಾ ಸುಟ್ಟಾನ ಅನ್ನೂದಿಲ್ಲೇನ್ರಿ?"

ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಜೀವಹಿಂಸೆ ಆಗಬಾರದೆಂದು ರವದಿಯನ್ನೂ, ಕಬ್ಬಿನ ಒಣ ಗರಿಯನ್ನೂ ಸುಡದ ಮನೆಯ ಗೋಡೆಗೆ ಸುಟ್ಟ ಹೊಲ ತೂಗುಹಾಕಲು ಹೊರಟಿದ್ದೆ. ಚೌಕಟ್ಟನ್ನು ಹಾಗೇ ವಾಪಸ್ಸು ಹೊತ್ತು ತಂದೆ. ಚಿತ್ರದ ಬಣ್ಣ ತೆಗೆಯುವಾಗ ಅದು ಯಾರ ಹೊಲ ಎಂದು ಕೇಳಿಕೊಳ್ಳಬೇಕು ಎಂಬುದು ಅಲ್ಲಿ ತಿಳಿಯಿತು.

ಮುಂದಿನ ವಾರ ಬಣ್ಣದ ರೋಲು ಹಾಕಿ ಹೋದೆ. ಕಬ್ಬು ಕಣ್ತುಂಬ ಹಸಿರು, ಆದರೆ ಹಸಿರಿನ ಮೇಲೆ ಹಸಿರು, ಕಣ್ಣಿಗೆ ನಿಲ್ಲಲು ಜಾಗವಿಲ್ಲ. ಶಾಂತವ್ವ ಅವತ್ತು ಅಕಸ್ಮಾತ್ ಕೆಂಪು ಸೀರೆ ಉಟ್ಟಿದ್ದಳು. ಬದುವಿನ ಮೇಲೆ ದೂರ ನಿಲ್ಲಿಸಿದೆ. ಚಿತ್ರಕ್ಕೆ ಜೀವ ಬಂತು. ನೇಮಣ್ಣ ಅದನ್ನು ಪಡಸಾಲೆಯಲ್ಲಿ ಹಾಕಿಸಿದರು, ಕ್ಯಾಲೆಂಡರಿನವರು ಅಂಥದೇ ಇನ್ನಷ್ಟು ಬೇಕೆಂದರು. ಅಲ್ಲಿಂದ ಕೆಂಪು ಸೀರೆ ನನ್ನ ಕ್ಯಾಮೆರಾ ಚೀಲದ ಸಾಮಾನುಗಳಲ್ಲಿ ಒಂದಾಯಿತು.

ಹೊರಡುವ ದಿನ ಬೆಳಿಗ್ಗೆ ಚಹಾದ ಕಪ್ಪು ನನ್ನ ಮುಂದಿಟ್ಟು ಶಾಂತವ್ವ ಕೇಳುತ್ತಿದ್ದಳು.

"ಇವತ್ತ ಯಾವ ರೋಲ್ ರೀ?"

"ಬಣ್ಣದ್ದು."

"ಹಂಗಾರ ನಾ ಇವತ್ತ ಪೋಸ್ಟಿನ ಡಬ್ಬಿ."

ಕೆಂಪು ಉಟ್ಟರೆ ತಾನು ಪೋಸ್ಟಿನ ಡಬ್ಬಿ ಎಂದು ಆಕೆಯ ಚೇಷ್ಟೆ. ನಾನೂ ನಗುತ್ತಿದ್ದೆ. ಒಮ್ಮೆ ಬಣ್ಣದ ರೋಲಿನ ದಿನ ಬೇರೆ ಯಾವುದೋ ಸೀರೆ ಉಟ್ಟು ಹೊರಗೆ ಬಂದಳು. "ಇದು ಕಬ್ಬಿನ್ಯಾಗ ಕಾಣೂದಿಲ್ಲ. ಒಳಗ ಹೋಗಿ ಕೆಂಪ ಉಟ್ಕೊಂಡ ಬಾ" ಎಂದು ಹೊಸ್ತಿಲಿಂದಲೇ ಕಳಿಸಿದೆ. ಹೋಗಿ ಬದಲಿಸಿಕೊಂಡು ಬಂದಳು. ಕೆಂಪು ಸ್ವಲ್ಪ ಮಾಸಿದರೂ ಹೊಸ ಕೆಂಪನ್ನು ನಾನೇ ಆರಿಸಿ ತರುತ್ತಿದ್ದೆ. ಫಿಲ್ಮಿನ ಮೇಲೆ ಯಾವ ಕೆಂಪು ಚೆನ್ನಾಗಿ ಬರುತ್ತದೆ ಎಂದು ನನಗೆ ಗೊತ್ತಿತ್ತಲ್ಲ.

ಶಿರೋಳಿಯ ಒಂದು ಫೌಂಡ್ರಿಯವರು ಸಂಜೆ ಹೊತ್ತಿನಲ್ಲಿ ತಮ್ಮ ಚಿಮಣಿಗಳ ಸಾಲನ್ನು ತೆಗೆಯಲು ಕರೆದಿದ್ದರು. ಹೊಗೆ ಬೂದು, ತಗಡು ಬೂದು, ಆಕಾಶ ಬೂದು. ಯಾರಾದರೂ ಕಪ್ಪು-ಬಿಳುಪು ಎನ್ನುತ್ತಾರೆ. ನಾನು ಬಣ್ಣ ಹಾಕಿದೆ. ದೂರದ ಶೆಡ್ಡಿನ ಬಾಗಿಲಲ್ಲಿ ಕರಗಿದ ಕಬ್ಬಿಣದ ಒಂದು ಗೇಣು ಕಿತ್ತಳೆ ಬೆಳಕಿತ್ತು. ಇಡೀ ಲೋಕ ಬೂದಾಗಿ ಒಂದೇ ಕಡೆ ಬಣ್ಣ ಉಳಿದಿದ್ದರೆ ಆ ಬಣ್ಣವೇ ಚಿತ್ರ. ಇದನ್ನು ಬರೆದುಕೋ. ಆ ಚಿತ್ರಕ್ಕೆ ನನಗೆ ಶಾಬಾಸಗಿರಿ ಸಿಕ್ಕಿತು. ಒಳಗೆ ಬೆಂಕಿಯ ಕೆಲಸ ಎಂದು ಶಾಂತವ್ವನನ್ನು ಗೇಟಿನ ಹೊರಗೇ ನಿಲ್ಲಿಸಿದ್ದರು. ಎರಡು ತಾಸು ಬೇವಿನ ಗಿಡದ ಬುಡದಲ್ಲಿ ಕೂತಿದ್ದಳು, ಕೆಂಪು ಸೀರೆ ಉಟ್ಟುಕೊಂಡು, ಸುಮ್ಮನೆ. ನೀರು ಕುಡಿದೆಯಾ ಎಂದು ಕೂಡ ನಾನು ಕೇಳಲಿಲ್ಲ. ಅದು ಈಗ ನೆನಪಾಗುತ್ತದೆ, ಶಾಬಾಸಗಿರಿ ನೆನಪಾಗುವುದಿಲ್ಲ.

ಇನ್ನು ಗಡಹಿಂಗ್ಲಜ. ಮಳೆಗಾಲದಲ್ಲಿ ಸಾಮಾನಗಡ ಕೋಟೆಯ ಮೇಲಿನ ಬಯಲಿಗೆ ಮಂಜು ಬಂದರೆ ಕಪ್ಪು-ಬಿಳುಪಿನವನಿಗೆ ಹಬ್ಬ. ಹತ್ತಿರದ ಕಲ್ಲು ಕಪ್ಪು, ಅದರಾಚೆಯ ಗಿಡ ಬೂದು, ಅದರಾಚೆಯ ಗುಡ್ಡ ಇನ್ನೂ ತೆಳು, ಕೊನೆಗೆ ಬರಿ ಬಿಳಿ. ಬಣ್ಣ ಅಲ್ಲಿ ಅಡ್ಡ ಬರುತ್ತದೆ. ಅವತ್ತು ಬೆಳಿಗ್ಗೆ ಶಾಂತವ್ವ ಕೇಳಿದಾಗ "ಕರೀ-ಬಿಳಿ" ಎಂದೆ. "ಹಂಗಾರ ನನಗ ಬೇಕಾದ್ದು ಉಡ್ತೇನಿ" ಎಂದು ಹಾಡಿನ ಹಾಗೆ ಎಳೆದು ಹೇಳಿ ಒಳಗೆ ಹೋದಳು. ಏನು ಉಟ್ಟು ಬಂದಳೋ ನಾನು ನೋಡಲಿಲ್ಲ. ಕಪ್ಪು-ಬಿಳುಪಿನ ದಿನ ನೋಡುವ ಅಗತ್ಯ ನನಗಿರಲಿಲ್ಲ.

ಬಯಲಿನ ಅಂಚಿನಲ್ಲಿ ಛತ್ರಿ ಹಿಡಿಸಿ, ಬೆನ್ನು ತಿರುಗಿಸಿ ನಿಲ್ಲಿಸಿದೆ. ಮಂಜು ಸರಿಯಾಗಿ ಕೂರಲೆಂದು ಕಾದೆ. ಅಷ್ಟರಲ್ಲಿ ಗಾಳಿ ಎದ್ದು ಛತ್ರಿ ಮೇಲೆಕೆಳಗಾಗಿ ತಾವರೆಯಂತೆ ಅರಳಿತು, ಸೆರಗು ಹಾರಿತು. ಆಕೆ ನನ್ನ ಕಡೆ ತಿರುಗಿ ನಕ್ಕುಬಿಟ್ಟಳು. ಸಣ್ಣಗಲ್ಲ, ಹೊಟ್ಟೆ ಹಿಡಿದುಕೊಂಡು, ಎರಡು ಹೆಜ್ಜೆ ನನ್ನ ಕಡೆಗೆ ಓಡಿಬಂದು. ನನ್ನ ಬೆರಳು ಒತ್ತಿಹೋಗಿತ್ತು.

"ಹಿಂದ ತಿರಗಬ್ಯಾಡ ಅಂತ ಎಷ್ಟ ಸಲ ಹೇಳೇನಿ? ಒಂದ ಚಿತ್ರ ಹಾಳ ಮಾಡಿದಿ!" ಎಂದು ರೇಗಿದೆ.

"ಹನ್ನೆರಡರಾಗ ಒಂದ ನಂದ ಇರಲಿ ಬಿಡ್ರಿ" ಎಂದಳು.

ರೋಲು ತೊಳೆದ ಮೇಲೆ ಆ ನೆಗೆಟಿವ್ ಕತ್ತರಿಸಿ "ಕೆಟ್ಟವು" ಎಂದು ಬರೆದ ಲಕೋಟೆಗೆ ಹಾಕಿದೆ. ಎತ್ತಿಟ್ಟವಳು ಆಕೆಯೇ.

ಮುಂದೆ ಕೊಲ್ಹಾಪುರದಲ್ಲಿ ಬಣ್ಣದ ಲ್ಯಾಬುಗಳು ಬಂದವು, ನನ್ನ ಕತ್ತಲೆ ಕೋಣೆಗೆ ಕೆಲಸ ಕಡಿಮೆಯಾಯಿತು. ಡಿಜಿಟಲ್ ಬಂತು, ರೋಲು ಹೋಯಿತು. ಆಮೇಲೆ ಎಲ್ಲರ ಕಿಸೆಯಲ್ಲೂ ಕ್ಯಾಮೆರಾ ಬಂದು ಸ್ಟುಡಿಯೊ ಕೂಡ ಬೇಡವಾಯಿತು. ಇದೆಲ್ಲ ಎಲ್ಲ ಫೋಟೊದವರ ಕಥೆ, ಬೆಳೆಸುವುದಿಲ್ಲ. ಬಾಗಿಲು ಹಾಕಿದ ಮರುವರ್ಷ ಶಾಂತವ್ವ ಹೋದಳು. ಮೂರು ದಿನದ ಜ್ವರ, ಅಷ್ಟೇ.

ಹಾರ ಹಾಕಲು ಫೋಟೊ ಕೊಡಿ ಎಂದರು. ಹುಡುಕಿದೆ. ಇಚಲಕರಂಜಿಯ ಅರ್ಧ ಊರಿನ ಮುಖ ನನ್ನ ಪೆಟ್ಟಿಗೆಗಳಲ್ಲಿದೆ. ನನ್ನ ಹೆಂಡತಿ ನೂರಾರು ಚಿತ್ರಗಳಲ್ಲಿದ್ದಾಳೆ, ಎಲ್ಲದರಲ್ಲೂ ಬೆನ್ನು. ಎಲ್ಲದರಲ್ಲೂ ಜೋಳದ ಕಾಳಿನಷ್ಟು. ಮದುವೆಯ ಗುಂಪು ಫೋಟೊದಲ್ಲಿ ಕಣ್ಣು ಮುಚ್ಚಿದ್ದಾಳೆ. ಕೊನೆಗೆ ಪಡಿತರ ಚೀಟಿಗೆ ತೆಗೆದ ಚೂರನ್ನೇ ದೊಡ್ಡದು ಮಾಡಿ ಹಾಕಿದರು. ಅದು ಯಾರೋ ಬೇರೆಯವರಂತಿತ್ತು. ಹೇಳಲು ನಾಚಿಕೆಯಾಗುತ್ತದೆ, ಆದರೆ ಈ ಕೆಲಸಕ್ಕೆ ಬರುವವರು ಇದನ್ನು ಕೇಳಿಕೊಳ್ಳಬೇಕು.

ಸೀರೆಗಳನ್ನು ನೋಡಲಾಗದೆ ಪಕ್ಕದ ಚಾಳಿನ ಗಂಗವ್ವನನ್ನು ಕರೆದು ಟ್ರಂಕು ಸಮೇತ ಕೊಟ್ಟುಬಿಟ್ಟೆ. ಶಾಂತವ್ವ ಆಕೆಯ ಜೀವದ ಗೆಳತಿ. ಆಮೇಲೆ ಮನೆಯಲ್ಲಿ ನಾನು, ಗೋಡೆಯಾಚೆ ಮಗ್ಗಗಳ ಸದ್ದು. ಚಹಾ ನಾನೇ ಮಾಡಿಕೊಳ್ಳುತ್ತೇನೆ. ಕಪ್ಪನ್ನು ಮುಂದಿಟ್ಟುಕೊಂಡು ಒಂದು ಗಳಿಗೆ ಸುಮ್ಮನೆ ಕೂಡುವ ಅಭ್ಯಾಸ ಹೋಗಿಲ್ಲ. ಯಾವ ರೋಲು ಎಂದು ಯಾರಾದರೂ ಕೇಳಬೇಕಲ್ಲ.

"ಕೆಟ್ಟವು" ಲಕೋಟೆ ಸಿಕ್ಕಿದ್ದು ಅಶ್ವಿನಿಗೆ, ಹೋದ ತಿಂಗಳು. ಕಿಟಕಿಗೆ ಹಿಡಿದು, "ಕಾಕಾ, ಇವರ ಯಾರ್ರೀ, ಎಷ್ಟ ಚಂದ ನಗಾಕತ್ಯಾರ!" ಎಂದಳು. ನಾನು ಎದ್ದು ಹೋಗಿ ನೋಡಿದೆ. ನನ್ನ ಹೆಂಡತಿ ಎಂದೆ.

ಅವಳು ಅದನ್ನು ಫೋನಿನಿಂದ ಹೇಗೋ ಎತ್ತಿಕೊಂಡು, ಏನೋ ಒತ್ತಿ, ನನ್ನ ಮುಂದೆ ಹಿಡಿದಳು. ಈಗಿನ ಯಂತ್ರ ಕಪ್ಪು-ಬಿಳುಪಿಗೆ ತಾನೇ ಬಣ್ಣ ತುಂಬುತ್ತದಂತೆ. ಮಂಜು ತಿಳಿನೀಲಿ, ಹುಲ್ಲು ಹಸಿರು, ಶಾಂತವ್ವನ ಮುಖಕ್ಕೆ ಗೋಧಿಬಣ್ಣ. ಸೀರೆ ಕೆಂಪು.

"ಸೀರಿ ಕೆಂಪ ಅಲ್ಲ" ಎಂದೆ, ಯೋಚಿಸುವ ಮೊದಲೇ.

"ಮತ್ತ ಯಾವ ಬಣ್ಣರೀ? ಹೇಳ್ರಿ, ಈಗ ಬದಲ ಮಾಡ್ತೇನಿ."

ಬಣ್ಣ ತುಂಬುವ ಮೊದಲಿನ ಚಿತ್ರ ತೋರಿಸು ಎಂದೆ. ಅದರಲ್ಲಿ ದಡಿಯ ಸಣ್ಣ ಚೌಕಳಿ ಒಂದೊಂದೂ ಎಣಿಸುವಷ್ಟು ಸ್ಪಷ್ಟ. ಸೀರೆಯ ಮೈ ಮಾತ್ರ ಬೂದು, ಕೆಂಪಾದರೂ ಆಗಬಹುದಾದ, ಹಸಿರಾದರೂ ಆಗಬಹುದಾದ ಬೂದು. ಕಪ್ಪು-ಬಿಳುಪು ನೋಡಿದರೆ ಬಣ್ಣವನ್ನು ಮನಸ್ಸೇ ತುಂಬಿಕೊಳ್ಳುತ್ತದೆ ಎಂದು ಜನರಿಗೆ ಜಂಬದಿಂದ ಹೇಳಿದವನು ನಾನು. ನನ್ನ ಮನಸ್ಸಿನಲ್ಲಿ ತುಂಬಲು ಏನೂ ಇರಲಿಲ್ಲ. ಅವಳು ಹೋದ ಮೇಲೆ ಅತ್ತೆ.

ಮರುದಿನ ಮಧ್ಯಾಹ್ನ ಆ ನೆಗೆಟಿವ್‌ನ ಕಪ್ಪು-ಬಿಳುಪು ಪ್ರಿಂಟು ಮಾಡಿಸಿಕೊಂಡು ಗಂಗವ್ವನ ಚಾಳಿಗೆ ಹೋದೆ. ಆಕೆ ಚಿತ್ರ ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅಣ್ಣಾರ, ಸೀರಿ ಒಂದೂ ಉಳದಿಲ್ರಿ. ಎರಡ ಕೌದಿ ಹೊಲದೇನಿ. ಅಕ್ಕಾರ ಸೀರಿ ಕಾಲಾಗ ಬೀಳಬಾರದು, ಮೈಮ್ಯಾಲ ಇರಬೇಕಂತ."

ಒಂದು ಕೌದಿ ಅಂಗಳದ ತಂತಿಯ ಮೇಲೆ ಒಣಗುತ್ತಿತ್ತು. ಇಬ್ಬರೂ ಚಿತ್ರವನ್ನು ಪಕ್ಕದಲ್ಲಿ ಹಿಡಿದು ತುಂಡು ತುಂಡು ನೋಡಿದೆವು. ನನ್ನ ಕೆಂಪುಗಳೆಲ್ಲ ಸಾಲಾಗಿದ್ದವು, ಹೊಸದರಂತೆ, ಬಣ್ಣದ ರೋಲಿನ ದಿನ ಬಿಟ್ಟರೆ ಉಟ್ಟೇ ಇರಲಿಲ್ಲವೇನೋ. ಮೂಲೆಯ ಕಡೆ ಆ ಚೌಕಳಿ ದಡಿ ಸಿಕ್ಕಿತು. ಅದರ ಮೈ ಬಟ್ಟೆ ಉಟ್ಟು ಉಟ್ಟು ಜಾಳಾಗಿ, ಸೋಪು ಬಿಸಿಲಿಗೆ ಬಣ್ಣ ಹಾರಿ, ಬೂದಾಗಿತ್ತು. ಚಿತ್ರದಲ್ಲಿ ಇದ್ದಂಥದೇ ಬೂದು.

"ಇದು ಹಸರ ಇತ್ರೀ" ಎಂದಳು ಗಂಗವ್ವ. "ಮನ್ಯಾಗ ದಿನಾ ಇದನ್ನ ಉಡ್ತಿದ್ರಲ್ರೀ. ನೀವು ನೋಡಿಲ್ಲೇನ್ರಿ?"

ನಾನು ಆ ಬೂದು ತುಂಡನ್ನು ಬೆರಳಿನಿಂದ ಉಜ್ಜಿ ನೋಡಿದೆ. ನಂಬಲಿಲ್ಲವೆಂದು ತಿಳಿದಳೋ ಏನೋ, ಒಳಗಿಂದ ಸೂಜಿ ತಂದು ಕೌದಿಯ ಅಂಚಿನ ನಾಲ್ಕು ಹೊಲಿಗೆ ಬಿಚ್ಚಿ, ಮಡಿಕೆ ತೆರೆದು ತೋರಿಸಿದಳು. ಬಿಸಿಲು ಕಾಣದ ಆ ಒಂದು ಬೆರಳು ಅಗಲದ ಬಟ್ಟೆ ಎಳೆ ಕಬ್ಬಿನ ಗರಿಯ ಹಾಗೆ ಹಸಿರಾಗಿತ್ತು. ಕಬ್ಬಿನಲ್ಲಿ ಕಾಣುವುದಿಲ್ಲ ಎಂದು ನಾನು ಹೊಸ್ತಿಲಿಂದ ಹಿಂದೆ ಕಳಿಸಿದ್ದು ಇದನ್ನೇ.

"ಇದನ್ನ ಉಟ್ಟ ಹೊಂಟ್ರ ನಮ್ಮ ಬಾಗಲಕ್ಕ ಬಂದ ಹೇಳ್ತಿದ್ರು" ಎಂದಳು ಗಂಗವ್ವ. "'ಗಂಗಾ, ಇವತ್ತ ಕರೀ-ಬಿಳಿ ರೋಲ್ ಐತಿ, ಇವತ್ತ ನಾ ಪೋಸ್ಟಿನ ಡಬ್ಬಿ ಅಲ್ಲ' ಅಂತ. ಭಾಳ ಖುಷೀಲೆ ಹೋಗ್ತಿದ್ರು ಅಣ್ಣಾರ."

ಆ ತುಂಡು ಕತ್ತರಿಸಿ ಕೊಡಲೇ ಎಂದು ಕೇಳಿದಳು. ಬೇಡ, ಹೊಲಿದುಬಿಡು ಎಂದೆ. ನಾಲ್ಕು ಹೊಲಿಗೆ ಮತ್ತೆ ಹಾಕಿದಳು.

ಅಶ್ವಿನಿ, ಫೋನಿನಲ್ಲಿ ಸೀರೆಯನ್ನು ಹಸಿರು ಮಾಡುವುದು ಬೇಡ. ಚಿತ್ರ ಕಪ್ಪು-ಬಿಳುಪಿನಲ್ಲೇ ಗೋಡೆಯ ಮೇಲಿದೆ. ಕಪ್ಪು-ಬಿಳುಪಿನ ದಿನವಾದ್ದರಿಂದಲೇ ಆಕೆ ತನಗೆ ಬೇಕಾದ್ದನ್ನು ಉಟ್ಟಿದ್ದಳು, ಹಾಗಾಗಿ ನಕ್ಕಿದ್ದಳು. ನಿನ್ನ ಪ್ರಶ್ನೆಗೆ ಗಾಜಿನ ಚೂರು, ಕಬ್ಬು, ಚಿಮಣಿ, ಮಂಜು ಎಂದು ನನಗೆ ಗೊತ್ತಿದ್ದನ್ನೆಲ್ಲ ಬರೆದಿದ್ದೇನೆ. ಮೂವತ್ತು ವರ್ಷ ಆಕೆ ನನ್ನನ್ನು ಯಾವ ರೋಲು ಎಂದು ಕೇಳಿದಳು. ನಿನಗೆ ಯಾವ ಬಣ್ಣ ಇಷ್ಟ ಎಂದು ನಾನು ಒಂದು ಬೆಳಿಗ್ಗೆಯಾದರೂ ಕೇಳಲಿಲ್ಲ. ಕೇಳಿದ್ದರೆ, ಹಸಿರು ಎಂದು ಹೇಳುತ್ತಿದ್ದಳು.